ಉಮ್ಮನ ಬಳೆ ಯಾವ ಖಾತೆಯಲ್ಲಿದೆ?

ಮೈಸೂರಿನಲ್ಲಿ ನಮ್ಮವರದ್ದೊಂದು ಹಾರ್ಡ್‌ವೇರ್ ಅಂಗಡಿ ಉಂಟು. ಹೆಸರು ಹೇಳುವುದಿಲ್ಲ, ಬೀದಿಯನ್ನೂ ಹೇಳುವುದಿಲ್ಲ. ಆ ಷರತ್ತಿನ ಮೇಲೆಯೇ ಮನೆಯವರು ಇದನ್ನು ಬರೆಯಲು ಒಪ್ಪಿದ್ದು. ಅಂಗಡಿ ಹಾಕಿದ ಹಾಜಿಯವರು ತೀರಿಕೊಂಡು ಕೆಲವು ವರ್ಷವಾಯಿತು. ಪಾಲು ಆಗಿರಲಿಲ್ಲ. ಈಗ ಆ ಜಾಗಕ್ಕೆ ಒಳ್ಳೆಯ ಬೆಲೆ ಕೇಳುವವರು ಬಂದಿದ್ದಾರೆ, ಮೊಮ್ಮಕ್ಕಳಲ್ಲಿ ಯಾರಿಗೂ ಮೊಳೆ ತೂಗುವ ಮನಸ್ಸಿಲ್ಲ. ಹಾಗಾಗಿ ಪಾಲಿನ ಮಾತಿಗೆ ನಮ್ಮನ್ನೂ ಕರೆದಿದ್ದರು. ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರಿಗೆ ಇಂಥ ಕರೆ ಹೊಸತಲ್ಲ.

ಕೂತದ್ದು ಪಾಲು ಮಾಡಲು. ಆದರೆ ಮೂರು ದಿನ ನಾವು ಕೇಳಿದ್ದು ಒಂದು ಅಂಗಡಿಯ ಚರಿತ್ರೆ. ಅದೂ ಒಂದಲ್ಲ, ಏಳು ಮಕ್ಕಳ ಬಾಯಲ್ಲಿ ಏಳು ಚರಿತ್ರೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಬರೆದಿಟ್ಟದ್ದು ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಹಾಜಿಯವರು ಬಂಟ್ವಾಳದ ಕಡೆಯವರು. ಘಟ್ಟ ಹತ್ತಿದ್ದು ಮೀಸೆ ಮೂಡುವ ವಯಸ್ಸಿನಲ್ಲಿ, ಹೆಂಚಿನ ಲಾರಿಯಲ್ಲಿ, ಹೆಂಚು ಇಳಿಸುವ ಹುಡುಗನಾಗಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹೆಂಚು ಊರೂರಿಗೆ ಹೋಯಿತು, ಅದರ ಹಿಂದೆ ನಮ್ಮವರೂ ಹೋದರು. ಸಂಪಾಜೆ ಹತ್ತಿ, ಮಡಿಕೇರಿ ದಾಟಿ, ಹುಣಸೂರಿನ ಮೇಲೆ ಮೈಸೂರು. ಈಗ ಬಸ್ಸಿನಲ್ಲಿ ಒಂದು ಹಗಲಿನ ಪ್ರಯಾಣ. ಆಗ ಅದು ಬೇರೆ ದೇಶಕ್ಕೆ ಹೋದ ಹಾಗೆ. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಸೇರಿತ್ತು, ಮೈಸೂರು ಬೇರೆಯೇ ರಾಜ್ಯ. ಗಡಿ ಹೋದ ಮೇಲೂ ಭಾಷೆಯ ಗಡಿ ಹೋಗಲಿಲ್ಲ. ಬ್ಯಾರಿ ಅಂದರೆ ಏನೆಂದು ಇಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗಿರಾಕಿಗಳಿಗೆ ಇವರು ‘ಸಾಬ್ರು’, ಕೆಲವರಿಗೆ ‘ಕಾಕಾ’, ಉರ್ದು ಮಾತಾಡುವ ಮೊಹಲ್ಲಾದವರಿಗೆ ‘ಮಲೆಯಾಳಿ’. ಮೂರೂ ಸರಿಯಲ್ಲ, ಮೂರಕ್ಕೂ ಹಾಜಿಯವರು ‘ಓ’ ಅನ್ನುತ್ತಿದ್ದರಂತೆ.

ನಮಾಜಿನ ಹೊತ್ತಿನದ್ದೂ ಒಂದು ಕತೆ. ನಾವು ಶಾಫಿಗಳು, ಮೈಸೂರಿನ ಹೆಚ್ಚಿನ ಜಮಾತ್‌ಗಳು ಹನಫಿ. ಅಸರ್ ನಮಗೆ ಬೇಗ, ಅವರಿಗೆ ತಡ. ಹಾಜಿಯವರು ಬೇಗನೆ ಅಂಗಡಿಯ ಹಿಂದೆ ಗೋಣಿ ಹಾಸಿ ನಮಾಜು ಮುಗಿಸುತ್ತಿದ್ದರು. ಮಸೀದಿಯ ಅಸರ್‌ಗೆ ಪಕ್ಕದ ಅಂಗಡಿಯವರು ಹೋದಾಗ ಅವರ ಗಿರಾಕಿಗಳನ್ನೂ ನೋಡಿಕೊಳ್ಳುತ್ತಿದ್ದರು. ಇದನ್ನು ಹೇಳುವಾಗ ಮಕ್ಕಳೆಲ್ಲ ನಕ್ಕರು. ಏಳು ಚರಿತ್ರೆಗಳೂ ಒಂದಾದದ್ದು ಈ ಒಂದು ವಿಷಯದಲ್ಲಿ ಮಾತ್ರ.

ಹೆಂಚಿನಿಂದ ಹಾರ್ಡ್‌ವೇರಿಗೆ ಬಂದದ್ದು ಹೇಗೆ? ಹೆಂಚು ಕೊಂಡವನಿಗೆ ರೀಪು ಬೇಕು, ರೀಪಿಗೆ ಮೊಳೆ ಬೇಕು. ಬಾಗಿಲಿಗೆ ಚಿಲಕ, ಚಿಲಕಕ್ಕೆ ಬೀಗ. ಒಂದು ಶೆಡ್ಡಿನಲ್ಲಿ ಹೆಂಚಿನ ರಾಶಿಯ ಪಕ್ಕ ನಾಲ್ಕು ಡಬ್ಬ ಮೊಳೆ ಇಟ್ಟು ಶುರುವಾದ ವ್ಯಾಪಾರ ಅದು. ಆ ಮೊದಲ ನಾಲ್ಕು ಡಬ್ಬ ಮೊಳೆಯನ್ನು ಸಾಲವಾಗಿ ಕೊಟ್ಟದ್ದು ಒಬ್ಬ ಬೋಹ್ರಾ ಸಾಹುಕಾರರು ಎಂದು ದೊಡ್ಡ ಮಗ ಹೇಳಿದರು. ನಂಬಬಹುದಾದ ಮಾತು. ಗುಜರಾತಿನ ದಾವೂದಿ ಬೋಹ್ರಾಗಳು ದೇಶದ ಎಷ್ಟೋ ಊರುಗಳಲ್ಲಿ ಹಾರ್ಡ್‌ವೇರ್ ಮತ್ತು ಗಾಜಿನ ವ್ಯಾಪಾರದವರು. ಬಡ್ಡಿ ಇಲ್ಲದೆ ಸಾಲ ಕೊಡುವ ಕರ್ಝ್ ಹಸನದ ಏರ್ಪಾಟನ್ನು ಅವರು ತಮ್ಮೊಳಗೆ ಬಹಳ ಶಿಸ್ತಿನಿಂದ ನಡೆಸಿಕೊಂಡು ಬಂದವರು. ಒಂದು ವಿಚಿತ್ರ ನೋಡಿ: ಬೋಹ್ರಾ ಎಂಬ ಹೆಸರು ಗುಜರಾತಿಯಲ್ಲಿ ವ್ಯಾಪಾರ ಮಾಡು ಎಂಬ ಅರ್ಥದ ಮಾತಿನಿಂದ ಬಂತು ಅನ್ನುತ್ತಾರೆ. ನಮ್ಮ ಹೆಸರು ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂದದ್ದೆಂದು ಹೆಚ್ಚಿನವರ ಅಭಿಪ್ರಾಯ. ಸಮುದ್ರ ಎಂಬ ಅರ್ಥದ ಅರಬಿಯ ‘ಬಹ್ರ್’ನಿಂದ ಬಂತು ಅನ್ನುವವರೂ ಇದ್ದಾರೆ. ಪಂಗಡ ಬೇರೆ, ಮಾತು ಬೇರೆ, ಮಸೀದಿ ಬೇರೆ. ಇಬ್ಬರೂ ವ್ಯಾಪಾರವನ್ನೇ ಹೆಸರಾಗಿ ಹೊತ್ತುಕೊಂಡು ಮೈಸೂರಿನ ಪೇಟೆಗೆ ಬಂದವರು. ಮರದ ವ್ಯಾಪಾರದ ಕಚ್ಛೀ ಪಟೇಲರಿಂದ ಬಾಗಿಲ ಚೌಕಟ್ಟು, ಹಾಜಿಯವರಿಂದ ಅದರ ತಿರುಗಣೆ. ಒಂದು ಬಾಗಿಲು ನಿಲ್ಲಬೇಕಾದರೆ ಎಷ್ಟು ಕಡೆಯ ವಲಸೆಗಾರರು ಕೈಗೂಡಿಸಬೇಕಾಯಿತು!

ಶೆಡ್ಡಿನಿಂದ ಅಂಗಡಿಗೆ ಬಂದದ್ದು ಅರವತ್ತರ ದಶಕದ ಮಧ್ಯದಲ್ಲಿ. ಮೇಲೆ ಕೇಳಿದ ಪ್ರಶ್ನೆ ಇಲ್ಲಿದೆ.

ಅಂಗಡಿಗೆ ಮುಂಗಡ ಕೊಡಬೇಕಿತ್ತು, ಸಾಮಾನು ತುಂಬಬೇಕಿತ್ತು. ದುಡ್ಡು ಎಲ್ಲಿಂದ ಬಂತು? ದೊಡ್ಡ ಮಗ, ‘ಉಪ್ಪ ಹೆಂಚಿನ ವ್ಯಾಪಾರದಲ್ಲಿ ಉಳಿಸಿದ್ದು’ ಅಂದರು. ಎರಡನೆಯವರು, ‘ಬೋಹ್ರಾ ಸಾಹುಕಾರರು ಕೊಟ್ಟದ್ದು’ ಅಂದರು. ಆಗ ದೊಡ್ಡ ಮಗಳು, ಅವರಿಗೂ ಈಗ ಅರವತ್ತರ ಹತ್ತಿರ, ಒಳಗಿನಿಂದಲೇ ಹೇಳಿದರು: ‘ಉಮ್ಮನ ಎಂಟು ಪವನಿನ ಬಳೆ ಎಲ್ಲಿ ಹೋಯಿತು ಕಾಕಾ, ಅದನ್ನು ಯಾಕೆ ಯಾರೂ ಹೇಳುವುದಿಲ್ಲ?’

ಕೋಣೆ ತಣ್ಣಗಾಯಿತು.

ಉಮ್ಮ ಈಗಲೂ ಇದ್ದಾರೆ, ಅಲ್‌ಹಮ್ದುಲಿಲ್ಲಾಹ್. ಕೇಳಿದೆವು. ‘ಅದೆಲ್ಲ ಈಗ ಯಾಕೆ ಉಸ್ತಾದರೇ? ಮತ್ತೆ ಮಾಡಿಸಿಕೊಡ್ತೇನೆ ಅಂದಿದ್ರು. ಮಕ್ಕಳಾದವು, ಮನೆ ಆಯಿತು, ಹುಡುಗಿಯರ ಮದುವೆ ಆಯಿತು. ಎಲ್ಲಿ ಮಾಡಿಸೋದು?’ ಅಂದರು. ದೂರಿನ ದನಿ ಇರಲಿಲ್ಲ. ಮಳೆಗಾಲದ ಸುದ್ದಿ ಹೇಳಿದ ಹಾಗೆ ಹೇಳಿದರು.

ಓದುವ ನಿಮ್ಮಲ್ಲಿ ಎಷ್ಟೋ ಮನೆಯವರಿಗೆ ಇದು ತಮ್ಮ ಮನೆಯ ಕತೆ ಅಂತ ಅನಿಸಿರಬೇಕು. ಚಿಕ್ಕಮಗಳೂರಿನ ದಿನಸಿ ಅಂಗಡಿ ಇರಲಿ, ಹಾಸನದ ಹೋಟೆಲಿರಲಿ, ಮೈಸೂರಿನ ಹಾರ್ಡ್‌ವೇರ್ ಇರಲಿ, ಘಟ್ಟದ ಮೇಲಿನ ನಮ್ಮವರ ಅಂಗಡಿಯ ಮೊದಲ ಬಂಡವಾಳ ಕೆದಕಿ ನೋಡಿ. ಎಲ್ಲೋ ಒಂದು ಕಡೆ ಒಬ್ಬ ಹೆಂಗಸಿನ ಕೈ ಬೋಳಾಗಿರುತ್ತದೆ. ಬೋರ್ಡಿನಲ್ಲಿ ‘ಆಂಡ್ ಸನ್ಸ್’ ಎಂದು ಬರೆಸುತ್ತೇವೆ, ‘ಆಂಡ್ ವೈಫ್’ ಎಂದು ಬರೆದ ಬೋರ್ಡನ್ನು ನಾವು ಈ ತನಕ ನೋಡಿಲ್ಲ.

ಈಗ ಮಸ್‌ಅಲದ ಮಾತು. ಆ ಬಳೆ ದಾನವಾಗಿ ಕೊಟ್ಟದ್ದಾದರೆ ಅಲ್ಲಿಗೆ ಮುಗಿಯಿತು. ಸಾಲವಾಗಿ ಕೊಟ್ಟದ್ದಾದರೆ ಅದು ಹಾಜಿಯವರ ಮೇಲಿನ ಕಡ. ಮೃತರ ಸೊತ್ತಿನಿಂದ ಮೊದಲು ಕಫನ್ ದಫನಿನ ಖರ್ಚು, ಮತ್ತೆ ಕಡ, ಮತ್ತೆ ವಸಿಯ್ಯತ್, ಅದು ಕೂಡ ಮೂರನೇ ಒಂದರ ಒಳಗೆ. ಇಷ್ಟಾದ ಮೇಲೆಯೇ ವಾರೀಸುದಾರರ ಪಾಲು. ಎಂಟು ಪವನು ಅಂದರೆ 64 ಗ್ರಾಂ. ಚಿನ್ನವನ್ನೇ ಸಾಲ ಪಡೆದಿದ್ದರೆ ಹಿಂತಿರುಗಿಸಬೇಕಾದದ್ದೂ ಚಿನ್ನ. ಅರವತ್ತರ ದಶಕದ ರೂಪಾಯಿಯ ಲೆಕ್ಕ ಹೇಳಿ ಕೈತೊಳೆಯಲು ಬರುವುದಿಲ್ಲ. ಮಹರ್ ಬಾಕಿ ಇದ್ದರೆ ಅದೂ ಇದೇ ಸಾಲಿನಲ್ಲಿ ನಿಲ್ಲುತ್ತದೆ. ‘ಮತ್ತೆ ಮಾಡಿಸಿಕೊಡ್ತೇನೆ’ ಎಂಬ ಒಂದು ಮಾತು ಸಾಲವೋ, ಗಂಡನ ಸಮಾಧಾನದ ಮಾತೋ? ಸಾಕ್ಷಿ ಇಲ್ಲ, ಚೀಟಿ ಇಲ್ಲ.

ಕುರ್‌ಆನಿನ ಅತಿ ಉದ್ದದ ಆಯತ್ ಯಾವುದರ ಕುರಿತು ಎಂದು ಮದ್ರಸದ ದೊಡ್ಡ ತರಗತಿಯ ಮಕ್ಕಳಲ್ಲಿ ನಾವು ಪ್ರತಿ ವರ್ಷ ಕೇಳುತ್ತೇವೆ. ನಮಾಜು ಅನ್ನುತ್ತಾರೆ, ಹಜ್ ಅನ್ನುತ್ತಾರೆ, ನೋಂಬು ಅನ್ನುತ್ತಾರೆ. ಅಲ್ಲ. ಅದು ಅಲ್ ಬಖರದ 282ನೆಯ ಆಯತ್, ಸಾಲದ ಲೆಕ್ಕ ಬರೆದಿಡುವುದರ ಕುರಿತು. ಅವಧಿ ಹೇಳಿ ಬರೆಯಿರಿ, ಸಣ್ಣದೆಂದು ಉದಾಸೀನ ಮಾಡಬೇಡಿ, ಬರೆಯಬಲ್ಲವನು ಬರೆಯಲಾರೆ ಅನ್ನಬಾರದು, ಸಾಕ್ಷಿಗಳಿರಲಿ ಎಂಬುದು ಅದರ ಸಾರ. ಕೈಯಿಂದ ಕೈಗೆ ನಡೆಯುವ ರೊಕ್ಕದ ವ್ಯಾಪಾರಕ್ಕೆ ಮಾತ್ರ ಬರೆಯದಿದ್ದರೆ ತಪ್ಪಿಲ್ಲ ಎಂಬ ರಿಯಾಯಿತಿಯೂ ಅದರಲ್ಲೇ ಉಂಟು. ಆದರೆ ಹಾರ್ಡ್‌ವೇರ್ ಅಂಗಡಿಯಷ್ಟು ರೊಕ್ಕ ಇಲ್ಲದ ವ್ಯಾಪಾರ ಬೇರೆ ಯಾವುದುಂಟು? ಮೇಲಿನ ಸಾಹುಕಾರನಲ್ಲಿ ಸಾಲ, ಕೆಳಗಿನ ಮೇಸ್ತ್ರಿಗೆ ಸಾಲ. ಮನೆಯ ತಾರಸಿ ಬಿದ್ದ ಮೇಲೆ ಮಾಲೀಕ ಮೇಸ್ತ್ರಿಗೆ ಕೊಡಬೇಕು, ಮೇಸ್ತ್ರಿ ಅಂಗಡಿಗೆ ಕೊಡಬೇಕು, ಅಂಗಡಿಯವ ಬೋಹ್ರಾ ಸಾಹುಕಾರರಿಗೆ ಕೊಡಬೇಕು.

ಹಾಜಿಯವರು ಈ ಸಾಲದ ಪುಸ್ತಕವನ್ನು ಚೆನ್ನಾಗಿಯೇ ಬರೆದಿದ್ದರು. ಒಂದು ಪುಸ್ತಕ ಉಳಿದಿದೆ, ಉಳಿದವು ಅಂಗಡಿಗೆ ಬಣ್ಣ ಬಳಿಸುವಾಗ ರದ್ದಿಗೆ ಹೋದವಂತೆ. ಉಳಿದದ್ದನ್ನು ನಾವು ಪುಟ ಪುಟ ತಿರುವಿದೆವು. ಕರಾವಳಿಯ ದುಂಡಗಿನ ಕನ್ನಡ ಅಕ್ಷರ. ಕರಣೆ ಒಂದು, ಬಾಂಡ್ಲಿ ಎರಡು, ಮೂರು ಇಂಚಿನ ಮೊಳೆ ಒಂದು ಕಿಲೋ. (ಸೇರು ಹೋಗಿ ಕಿಲೋ ಬಂದು ಅರವತ್ತು ವರ್ಷ ದಾಟಿತು, ಮೊಳೆಯ ಉದ್ದ ಇನ್ನೂ ಇಂಚಿನಲ್ಲೇ ಇದೆ. ಒಂದೇ ಮೊಳೆಯನ್ನು ಇಂಗ್ಲಿಷರ ಅಳತೆಯಲ್ಲಿ ಆರಿಸಿ ಫ್ರೆಂಚರ ತೂಕದಲ್ಲಿ ಮಾರುವ ಸಾಮರ್ಥ್ಯ ನಮ್ಮ ಪೇಟೆಯವರಿಗೆ ಮಾತ್ರ.) ಉಪ್ಪುಕಾಗದ, ಅಲಿಗಢದ ಬೀಗ, ಮೈಸೂರಿನದೇ ಬಣ್ಣದ ಡಬ್ಬ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಈಗಿನ ಮೈಸೂರು ಪೇಂಟ್ಸ್ ಆಂಡ್ ವಾರ್ನಿಷ್ ಅನ್ನು ಚುನಾವಣೆಯ ಬೆರಳಿನ ಶಾಯಿಗಾಗಿ ದೇಶವೆಲ್ಲ ಬಲ್ಲದು. ಹಾಜಿಯವರ ಪುಸ್ತಕದಲ್ಲಿ ಅದು ಬಾಗಿಲಿನ ಹಸಿರು ಬಣ್ಣ ಅಷ್ಟೆ. ಕೆಲವು ಹೆಸರುಗಳ ಮೇಲೆ ಉದ್ದಕ್ಕೆ ಗೆರೆ ಎಳೆದು ‘ಮಾಫ್’ ಎಂದು ಬರೆದಿದೆ. ಯಾಕೆಂದು ಕೇಳಿದರೆ ಎರಡನೆಯ ಮಗ ಹೇಳಿದರು, ‘ಸಾರದಿಂದ ಬಿದ್ದು ಸತ್ತ ಗಾರೆಯವರು, ಉಸ್ತಾದರೇ.’

ಸಿಮೆಂಟಿನ ಕಾಲವೊಂದು ಬಂತು. ಈಗಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ಮಗಳ ಮದುವೆಗೆ ಮೊದಲು ಒಂದು ಕೋಣೆ ಕಟ್ಟಿಸುತ್ತೇನೆ ಎಂದು ಅರ್ಜಿ ಹಾಕಿ ಕಾಯಬೇಕಿತ್ತು. 1982ರಲ್ಲಿ ನಿಯಂತ್ರಣ ಅರ್ಧ ಸಡಿಲವಾಗಿ 1989ರಲ್ಲಿ ಪೂರ್ತಿ ಹೋಯಿತು. ಅದೇ ಹೊತ್ತಿಗೆ ಮೈಸೂರು ಸುತ್ತಲೂ ಬೆಳೆಯತೊಡಗಿತು, ಹೊಸ ಬಡಾವಣೆಗಳು ಬಂದವು, ಹೆಂಚಿನ ಕಾಲ ಮುಗಿದು ಆರ್‌ಸಿಸಿ ಕಾಲ ಬಂತು. ಹೆಂಚಿನಿಂದ ಹುಟ್ಟಿದ ಅಂಗಡಿ ಹೆಂಚನ್ನು ಬಿಟ್ಟು ದೊಡ್ಡದಾಯಿತು.

ಆ ದೊಡ್ಡದಾಗುವುದಕ್ಕೆ ದುಡ್ಡು ಕೊಲ್ಲಿಯಿಂದ ಬಂದದ್ದು. ಎರಡನೆಯ ಮಗ ಹನ್ನೊಂದು ವರ್ಷ ಸೌದಿಯಲ್ಲಿದ್ದು ಡ್ರಾಫ್ಟ್ ಕಳಿಸಿದರು. ಮನೆ ಖರ್ಚಿಗೋ, ಅಂಗಡಿಗೋ? ‘ಉಪ್ಪನ ಹೆಸರಿಗೆ ಕಳಿಸ್ತಿದ್ದೆ, ಉಪ್ಪ ಏನು ಮಾಡಿದ್ರೂ ಸರಿ’ ಎಂಬುದು ಆಗಿನ ಮಾತು. ಈಗ ಅವರ ಮಗ ಕೇಳುತ್ತಾನೆ: ನನ್ನ ಉಪ್ಪನ ಹನ್ನೊಂದು ವರ್ಷ ಎಲ್ಲಿ? ದೊಡ್ಡ ಮಗ ಹೈಸ್ಕೂಲು ಬಿಟ್ಟು ಗಲ್ಲಾ ಪೆಟ್ಟಿಗೆಯ ಹಿಂದೆ ಕೂತವರು ಎದ್ದದ್ದೇ ಇಲ್ಲ, ಸಂಬಳ ಅಂತ ಒಂದು ದಿನ ತೆಗೆದವರಲ್ಲ. ಅವರ ಮಗನೂ ಕೇಳುತ್ತಾನೆ: ನನ್ನ ಉಪ್ಪನ ನಲವತ್ತು ವರ್ಷ ಎಲ್ಲಿ? ಇಬ್ಬರದೂ ನ್ಯಾಯವಾದ ಪ್ರಶ್ನೆ. ಉಪ್ಪ ಇರುವಾಗಲೇ ‘ನೀನು ಪಾಲುದಾರ, ನಿನ್ನ ಭಾಗ ಇಷ್ಟು’ ಎಂದೋ, ‘ನಿನಗೆ ಸಂಬಳ ಇಷ್ಟು’ ಎಂದೋ ಎರಡು ಸಾಲು ಬರೆದಿದ್ದರೆ ಅದಕ್ಕೆ ಬೆಲೆ ಇರುತ್ತಿತ್ತು. ಬರೆಯದಿದ್ದರೆ ನಲವತ್ತು ವರ್ಷ ಅಂಗಡಿ ನಡೆಸಿದವನೂ ಮಗ, ಒಂದು ದಿನ ಅಂಗಡಿ ಮೆಟ್ಟಿಲು ಹತ್ತದವನೂ ಮಗ. ಪಾಲು ಒಂದೇ.

ಇಂಥ ಕಡೆ ಕೆಲವರು ಒಂದು ಸುಲಭ ಉಪಾಯ ಹುಡುಕುತ್ತಾರೆ. ದುಡಿದ ಗಂಡುಮಕ್ಕಳಿಗೆ ಅನ್ಯಾಯ ಆಗಬಾರದೆಂದು ಅಂಗಡಿಯನ್ನು ಗಂಡುಮಕ್ಕಳೊಳಗೆ ಹಂಚಿ, ಹೆಣ್ಣುಮಕ್ಕಳಿಗೆ ‘ಮದುವೆಗೆ ಕೊಟ್ಟಾಗಿದೆ’ ಅನ್ನುವುದು. ಈ ಮಾತು ಈ ಮನೆಯಲ್ಲೂ ಬಂತು. ಇದನ್ನು ನಾವು ಒಪ್ಪುವುದಿಲ್ಲ, ಬರೆದೇ ಹೇಳುತ್ತೇವೆ. ಮದುವೆಗೆ ಕೊಟ್ಟದ್ದು ಮದುವೆಗೆ, ವಾರೀಸು ಮರಣದ ನಂತರ ಹುಟ್ಟುವ ಹಕ್ಕು. ಮರಣಕ್ಕೆ ಮೊದಲು ಕೊಟ್ಟ ಅಲಮಾರಿಯನ್ನು ತೋರಿಸಿ ಅದನ್ನು ವಜಾ ಮಾಡಲು ಬರುವುದಿಲ್ಲ. ಸೂರ ನಿಸಾದಲ್ಲಿ ಪಾಲು ಹೇಳಿರುವುದು ಸ್ಪಷ್ಟವಾಗಿ. ಈ ಮನೆಯನ್ನೇ ತೆಗೆದುಕೊಳ್ಳಿ: ಹೆಂಡತಿ, ಮೂವರು ಗಂಡುಮಕ್ಕಳು, ನಾಲ್ವರು ಹೆಣ್ಣುಮಕ್ಕಳು. ಕಡ ತೀರಿದ ಮೇಲೆ ಉಳಿದದ್ದನ್ನು 80 ಪಾಲು ಮಾಡಿ. ಉಮ್ಮನಿಗೆ ಎಂಟನೇ ಒಂದು, ಅಂದರೆ 10. ಒಬ್ಬೊಬ್ಬ ಮಗನಿಗೆ 14, ಒಬ್ಬೊಬ್ಬ ಮಗಳಿಗೆ 7. ಒಟ್ಟು ನಾಲ್ವರು ಹೆಣ್ಣುಮಕ್ಕಳಿಗೆ 28. ಅಂಗಡಿಯ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ‘ಸನ್ಸ್’ ಎಂಬ ಬೋರ್ಡಿನ ಕೆಳಗೆ ಹೆಣ್ಣುಮಕ್ಕಳದ್ದು. ದೇಶದ ಕಾನೂನಿನಲ್ಲೂ 1937ರ ಶರೀಅತ್ ಕಾಯ್ದೆಯಿಂದಾಗಿ ಅಂಗಡಿಯಂಥ ಸೊತ್ತಿಗೆ ನಮಗೆ ಇದೇ ಲೆಕ್ಕ. ಒಬ್ಬ ವಾರೀಸುದಾರನಿಗೆ ಹೆಚ್ಚು ಬರುವ ಹಾಗೆ ವಸಿಯ್ಯತ್ ಬರೆದರೂ ಉಳಿದ ವಾರೀಸುದಾರರು ಒಪ್ಪದೆ ಅದು ನಡೆಯುವುದಿಲ್ಲ.

ದುಡಿದವನಿಗೆ ನ್ಯಾಯ ಸಿಗಬೇಕಾದರೆ ದಾರಿ ಅಕ್ಕತಂಗಿಯರ ಪಾಲಿನಲ್ಲಿ ಇಲ್ಲ, ಉಪ್ಪ ಬದುಕಿರುವಾಗ ಮಾಡುವ ಪಾಲುಪತ್ರದಲ್ಲಿ ಇದೆ. ಅದನ್ನೂ ಸರಿಯಾಗಿ ಮಾಡಬೇಕು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪತ್ರದಲ್ಲಿ ಬೇರೆ ಏನೂ ಹೇಳಿರದಿದ್ದರೆ ಒಬ್ಬ ಪಾಲುದಾರ ಸತ್ತ ಕೂಡಲೇ ಫರ್ಮ್ ಮುರಿಯುತ್ತದೆ. ನೋಂದಣಿ ಆಗದ ಫರ್ಮ್ ಗಿರಾಕಿಯ ಬಾಕಿಗಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ. ಸಾಮಾನು ಕೊಟ್ಟ ಬಾಕಿಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ, ಅದು ಕಳೆದರೆ ಕೋರ್ಟಿನಲ್ಲಿ ದಾರಿ ಇಲ್ಲ. (ದೀನಿನಲ್ಲಿ ಕಡಕ್ಕೆ ಕಾಲಮಿತಿ ಇಲ್ಲ, ಅದನ್ನು ಬಾಕಿ ಇಟ್ಟವರು ನೆನಪಿಟ್ಟುಕೊಂಡರೆ ಸಾಕು.) ವಕೀಲರ ಹತ್ತಿರ ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸವನ್ನು ನಲವತ್ತು ವರ್ಷ ಮುಂದೂಡುತ್ತೇವೆ. ಯಾಕೆ? ‘ಉಪ್ಪ ಇರುವಾಗ ಪಾಲಿನ ಮಾತು ತೆಗೆದರೆ ಉಪ್ಪ ಸಾಯಲಿ ಅಂದ ಹಾಗೆ’ ಎಂಬ ಒಂದು ನಾಚಿಕೆ ನಮ್ಮಲ್ಲಿ ಉಂಟು. ಅದಕ್ಕೆ ನಾವು ಗೌರವ ಎಂದು ಹೆಸರಿಟ್ಟಿದ್ದೇವೆ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಇದೇ ಅಂಗಡಿಯಲ್ಲಿ ಕಂಪ್ಯೂಟರ್ ಬಂತು. ಒಂದು ಕಿಲೋ ಮೊಳೆಗೂ ಬಿಲ್, ತಿಂಗಳು ತಿಂಗಳು ರಿಟರ್ನ್. ಸರಕಾರಕ್ಕೆ ಬರೆದುಕೊಡಲು ಒಂದು ದಿನ ತಡವಾಗುವುದಿಲ್ಲ. ಒಡಹುಟ್ಟಿದವರಿಗೆ ಬರೆದುಕೊಡಲು ಮಾತ್ರ ಪುರುಸೊತ್ತಿಲ್ಲ.

ಇನ್ನೊಂದು ಪುಸ್ತಕ ಇರಬೇಕಿತ್ತು, ಅದನ್ನೂ ಕೇಳಿದೆವು. ವ್ಯಾಪಾರದ ಸಾಮಾನಿಗೆ ವರ್ಷಕ್ಕೊಮ್ಮೆ ಶೇಕಡಾ 2.5 ಝಕಾತ್ ಉಂಟಲ್ಲವಾ? ಅದಕ್ಕೆ ಆ ದಿನದ ಸಾಮಾನೆಲ್ಲ ಎಣಿಸಿ ಬೆಲೆ ಕಟ್ಟಬೇಕು. ಹಾಗೆ ಎಣಿಸಿದ ಪಟ್ಟಿ ವರ್ಷ ವರ್ಷ ಎತ್ತಿಟ್ಟಿದ್ದರೆ ಅಂಗಡಿ ಯಾವಾಗ ಬೆಳೆಯಿತು, ಸೌದಿ ಡ್ರಾಫ್ಟ್ ಬಂದ ವರ್ಷ ಸಾಮಾನು ಎಷ್ಟು ಏರಿತು, ಎಲ್ಲ ಕನ್ನಡಿಯ ಹಾಗೆ ಕಾಣುತ್ತಿತ್ತು. ‘ಉಪ್ಪ ರಮಝಾನಿನಲ್ಲಿ ಅಂದಾಜು ಮಾಡಿ ಕೊಡ್ತಿದ್ರು, ಕಮ್ಮಿ ಕೊಟ್ಟವರಲ್ಲ’ ಅಂದರು. ಖಂಡಿತ ಕಮ್ಮಿ ಕೊಟ್ಟಿರಲಿಕ್ಕಿಲ್ಲ, ಆ ಮನುಷ್ಯರನ್ನು ನಾವು ಬಲ್ಲೆವು. ಆದರೆ ಅಂದಾಜು ಅವರ ಜೊತೆ ಖಬರಿಗೆ ಹೋಯಿತು. ಈ ಬರುವ ರಮಝಾನಿನಿಂದಲಾದರೂ ಅಂಗಡಿಯವರು ಆ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಬರೆದು ತಾರೀಕು ಹಾಕಲಿ. ಅದರ ಮೊದಲ ಪುಟದಲ್ಲಿ ಅಂಗಡಿ ಯಾರ ದುಡ್ಡಿನಿಂದ, ಯಾರ ಚಿನ್ನದಿಂದ ಶುರುವಾಯಿತು ಎಂದು ಬರೆಯಲಿ. ಮನೆಯಲ್ಲಿ ವಯಸ್ಸಾದ ಉಮ್ಮ ಇದ್ದರೆ ಈ ವಾರವೇ ಹತ್ತಿರ ಕೂತು ಕೇಳಲಿ. ಮೊಬೈಲಿನಲ್ಲಿ ದನಿ ಹಿಡಿದರೂ ಆಗಬಹುದು.

ಚರಿತ್ರೆ ಅಂದರೆ ದೊಡ್ಡವರು ಬರೆಯುವ ಪುಸ್ತಕ ಎಂದು ನಾವು ತಿಳಿದಿದ್ದೇವೆ. ಬರೆದವರೂ ಇದ್ದಾರೆ. ವಹಾಬ್ ದೊಡ್ಡಮನೆ, ಪ್ರೊ. ಬಿ. ಎಂ. ಇಚ್ಲಂಗೋಡು ಅವರಂಥವರು ಕರಾವಳಿಯ ಮುಸ್ಲಿಮರ ಚರಿತ್ರೆಗೆ ಕಷ್ಟಪಟ್ಟರು. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿಯೂ ಆಯಿತು. ಆದರೆ ಘಟ್ಟ ಹತ್ತಿದ ಒಬ್ಬೊಬ್ಬರ ಗಲ್ಲಾ ಪೆಟ್ಟಿಗೆಯೊಳಗೆ ಏನಿತ್ತೆಂದು ಅವರು ಬಂದು ಬರೆಯಲಾರರು. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವ ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಂದಿನಿಂದ ಕೆಡವಬೇಕೋ ಉಳಿಸಬೇಕೋ ಎಂದು ಕಟ್ಟಡಗಳ ಕುರಿತು ಎಷ್ಟು ಚರ್ಚೆ, ಎಷ್ಟು ಕೋರ್ಟು! ಒಳಗೆ ತಲೆಮಾರುಗಳಿಂದ ಅಂಗಡಿ ಇಟ್ಟವರ ಬದುಕಿನ ಕುರಿತು ಅದರ ಅರ್ಧವೂ ಇಲ್ಲ. ಅವರೇ ಬರೆದಿಡದಿದ್ದರೆ ಯಾರು ಬರೆಯಬೇಕು?

ಆ ಮನೆಯ ವಿಷಯ ಏನಾಯಿತು ಎಂದು ಕೇಳುತ್ತೀರಿ. ಹೆಣ್ಣುಮಕ್ಕಳ 28 ಪಾಲಿಗೆ ಮೂವರು ಅಣ್ಣತಮ್ಮಂದಿರೂ ಸಹಿ ಹಾಕಿದ್ದಾರೆ, ಅಷ್ಟು ನೆಮ್ಮದಿ. ದೊಡ್ಡ ಮಗನ ನಲವತ್ತು ವರ್ಷಕ್ಕೆ ಏನಾದರೂ ಬಿಟ್ಟುಕೊಡುವುದಾಗಿ ಇಬ್ಬರು ತಂಗಿಯಂದಿರು ತಾವಾಗಿಯೇ ಹೇಳಿದರು. ಅದನ್ನು ಪಾಲು ಕೈಗೆ ಬಂದ ಮೇಲೆ ಕೊಡಿ, ಮೊದಲೇ ಬೇಡ ಎಂದೆವು. ಉಮ್ಮನ ಬಳೆಯ ಮಾತಿಗೆ ಇಬ್ಬರು ಗಂಡುಮಕ್ಕಳು ಒಪ್ಪಿದರು, ಅದನ್ನು ಕಡ ಎಂದೇ ತಿಳಿದು 64 ಗ್ರಾಂ ಮೊದಲು ತೆಗೆದಿಡುವ ಎಂದು. ಮೂರನೆಯವರು ಸ್ವಲ್ಪ ಸಮಯ ಕೇಳಿದ್ದಾರೆ. ಬರುವ ಶುಕ್ರವಾರ ಅಸರ್ ಆದ ಮೇಲೆ ಮತ್ತೆ ಕೂರುವುದೆಂದು ಆಗಿದೆ.

ಹೊರಡುವಾಗ ಉಮ್ಮ ಬಾಗಿಲ ತನಕ ಬಂದರು. ಕೈಯಲ್ಲಿ ಈಗ ಇರುವುದು ಒಂದು ಜೊತೆ ಸಣ್ಣ ಬಳೆ, ದೊಡ್ಡ ಮಗಳು ಮಾಡಿಸಿಕೊಟ್ಟದ್ದಂತೆ. ‘ಶುಕ್ರವಾರ ಅಸರ್ ಅಂದ್ರಲ್ಲ ಉಸ್ತಾದರೇ,’ ಅಂದರು, ‘ನಮ್ಮ ಅಸರಾ, ಇಲ್ಲಿಯವರ ಅಸರಾ? ಚಾಯಕ್ಕೆ ಇಡ್ಲಿಕ್ಕೆ ಕೇಳಿದ್ದು.’